ಪ್ರಿಮೊ ಲೆವಿ: ಪೇಂಟ್ ಕಾರ್ಖಾನೆಯ ಲೇಖಕ

ವೈವಾ ಅಂದ್ರೆ ನಮಗೆಲ್ಲ ಕೈಕಾಲು ನಡುಗುತ್ತೆ. ಫೇಲಾದ್ರೆ ಏನಾಗುತ್ತೆ? ಒಂದು ಬ್ಯಾಕ್‌ಲಾಗ್, ಅಷ್ಟೇ. ಆದರೆ 1944ರಲ್ಲಿ ಒಬ್ಬ ಯುವಕ ಆಶ್ವಿಟ್ಜ್ ಶಿಬಿರದಲ್ಲಿ, ಹಸಿದ ಹೊಟ್ಟೆಯಲ್ಲಿ, ಜರ್ಮನ್ ಅಧಿಕಾರಿಯ ಎದುರು ಕೆಮಿಸ್ಟ್ರಿ ವೈವಾ ಕೊಟ್ಟ. ಅವನೇ ಪ್ರಿಮೊ ಲೆವಿ.

ಲೆವಿ ಹುಟ್ಟಿದ್ದು 1919ರಲ್ಲಿ, ಇಟಲಿಯ ಟ್ಯೂರಿನ್‌ನ ಯೆಹೂದಿ ಕುಟುಂಬದಲ್ಲಿ. ಅಪ್ಪ ಇಂಜಿನಿಯರ್. ಲೆವಿ 1937ರಲ್ಲಿ ಕೆಮಿಸ್ಟ್ರಿಗೆ ಸೇರಿದ. ಮರುವರ್ಷವೇ ಮುಸೊಲಿನಿ ಸರ್ಕಾರ ಯೆಹೂದಿಗಳಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿತು. ಮೊದಲೇ ಸೇರಿದ್ದವರಿಗೆ ಮಾತ್ರ ಓದು ಮುಗಿಸಲು ಬಿಟ್ಟರು. ಒಂದು ವರ್ಷ ತಡವಾಗಿದ್ದರೆ ಲೆವಿ ಕೆಮಿಸ್ಟ್ ಆಗ್ತಾನೇ ಇರಲಿಲ್ಲ.

1943ರ ಡಿಸೆಂಬರ್‌ನಲ್ಲಿ, ಫ್ಯಾಸಿಸ್ಟರ ವಿರುದ್ಧ ಹೋರಾಡಲು ಬೆಟ್ಟ ಸೇರಿದ್ದವನು ಸಿಕ್ಕಿಬಿದ್ದ. ಅವನನ್ನು ಆಶ್ವಿಟ್ಜ್‌ಗೆ ಒಯ್ದ ರೈಲಿನಲ್ಲಿ 650 ಜನ ಇದ್ದರು. ಬದುಕಿ ಬಂದವರು 30 ಮಂದಿಯೂ ಇಲ್ಲ. ಅಲ್ಲಿ ಹೆಸರು ಹೋಯ್ತು. ಕೈ ಮೇಲೆ 174517 ಅಂತ ಹಚ್ಚೆ ಬಂತು. ಕೈದಿಗಳಿಂದ ಕೃತಕ ರಬ್ಬರ್ ಕಾರ್ಖಾನೆ ಕಟ್ಟಿಸುತ್ತಿದ್ದರು. ಅಲ್ಲಿಂದ ಒಂದು ಕೆಜಿ ರಬ್ಬರ್ ಕೂಡ ಹೊರಬರಲಿಲ್ಲ ಅನ್ನೋದು ಬೇರೆ ಮಾತು.

ಆ ವೈವಾದಿಂದ ಲೆವಿಗೆ ಕೊನೆಗೂ ಲ್ಯಾಬ್ ಕೆಲಸ ಸಿಕ್ತು. ಕೊರೆಯುವ ಚಳಿಯಲ್ಲಿ ಒಳಗೆ ಕೂತು ಕೆಲಸ ಮಾಡೋದು ಅಂದ್ರೆ ಜೀವ ಉಳಿದ ಹಾಗೆ. ಲ್ಯಾಬಿನಲ್ಲಿ ಸೀರಿಯಂ ಕಡ್ಡಿಗಳನ್ನು ಕದ್ದು, ಗೆಳೆಯ ಆಲ್ಬರ್ಟೊ ಜೊತೆ ರಾತ್ರಿಯಲ್ಲಿ ಕೆರೆದು ಲೈಟರ್ ಕಲ್ಲು ಮಾಡಿ, ಬ್ರೆಡ್‌ಗೆ ಮಾರಿದ. ಲೊರೆಂಜೊ ಎಂಬ ಇಟಲಿಯ ಗಾರೆ ಕೆಲಸದವನು ಆರು ತಿಂಗಳು ಗುಟ್ಟಾಗಿ ಊಟ ತಂದುಕೊಟ್ಟ. ಪ್ರತಿಯಾಗಿ ಏನೂ ಕೇಳಲಿಲ್ಲ. ಮುಂದೆ ಲೆವಿ ತನ್ನ ಮಗಳಿಗೂ ಮಗನಿಗೂ ಅವನ ನೆನಪಿನಲ್ಲೇ ಹೆಸರಿಟ್ಟ.

1945ರ ಜನವರಿಯಲ್ಲಿ ನಾಜಿಗಳು ಶಿಬಿರ ಖಾಲಿ ಮಾಡಿ ಕೈದಿಗಳನ್ನು ಹಿಮದಲ್ಲಿ ನಡೆಸಿಕೊಂಡು ಹೋದರು. ಆಲ್ಬರ್ಟೊ ಹೋದವನು ಮತ್ತೆ ಬರಲಿಲ್ಲ. ಜ್ವರದಿಂದ ಶಿಬಿರದಲ್ಲೇ ಮಲಗಿದ್ದ ಲೆವಿ ಉಳಿದ.

ಊರಿಗೆ ಬಂದವನು ಕಂಡದ್ದನ್ನೆಲ್ಲ ಬರೆದ. ದೊಡ್ಡ ಪ್ರಕಾಶಕರು ಬೇಡ ಅಂದರು. 1947ರಲ್ಲಿ ಒಂದು ಸಣ್ಣ ಪ್ರಕಾಶನ 2,500 ಪ್ರತಿ ಅಚ್ಚು ಹಾಕಿತು. ಎಲ್ಲವೂ ಮಾರಾಟ ಆಗಲಿಲ್ಲ. ಮೊದಲು ಬೇಡ ಅಂದಿದ್ದ ಐನೌಡಿ ಸಂಸ್ಥೆಯೇ 1958ರಲ್ಲಿ ಮತ್ತೆ ಪ್ರಕಟಿಸಿದಾಗ ಜನ ಓದಿದರು. ಇವತ್ತು ಯೆಹೂದಿ ಸಾಹಿತ್ಯದ ಮಾತು ಬಂದರೆ ಆ ಪುಸ್ತಕ ಬಿಟ್ಟು ಮುಂದೆ ಹೋಗೋಕಾಗಲ್ಲ.

ಅಷ್ಟಾದರೂ ಲೆವಿ ಕೆಲಸ ಬಿಡಲಿಲ್ಲ. ಸುಮಾರು 30 ವರ್ಷ ಪೇಂಟ್ ಕಾರ್ಖಾನೆಯಲ್ಲಿ ದುಡಿದ, ಮ್ಯಾನೇಜರ್ ಕೂಡ ಆದ. ಬರೆದದ್ದು ಸಂಜೆ, ರಜೆಯಲ್ಲಿ. ತನ್ನ ಬರವಣಿಗೆಗೆ ಮಾದರಿ ಕಾರ್ಖಾನೆಯ ವಾರದ ರಿಪೋರ್ಟ್ ಅಂತ ಹೇಳ್ತಿದ್ದ: ಚಿಕ್ಕದಾಗಿ, ಎಲ್ಲರಿಗೂ ಅರ್ಥವಾಗುವಂತೆ. ಅದಕ್ಕೇ ಅವನ ಪುಸ್ತಕದಲ್ಲಿ ಕೂಗಾಟ ಇಲ್ಲ. ಕಂಡದ್ದನ್ನು ಕಂಡ ಹಾಗೆ ಇಟ್ಟಿದ್ದಾನೆ.

1987ರಲ್ಲಿ, ಹುಟ್ಟಿದ ಮನೆಯಲ್ಲೇ, ಮೂರನೇ ಮಹಡಿಯಿಂದ ಮೆಟ್ಟಿಲುಗಳ ನಡುವೆ ಬಿದ್ದು ತೀರಿಕೊಂಡ.

1975ರಲ್ಲಿ ಬಂದ ಅವನ 'ಪೀರಿಯಾಡಿಕ್ ಟೇಬಲ್' ಪುಸ್ತಕದಲ್ಲಿ 21 ಅಧ್ಯಾಯ, ಒಂದೊಂದಕ್ಕೂ ಒಂದು ಧಾತುವಿನ ಹೆಸರು. ಸೀರಿಯಂ ಕದ್ದ ಕಥೆ ಅದರಲ್ಲೇ ಇದೆ. ಫಸ್ಟ್ ಇಯರ್ ಕೆಮಿಸ್ಟ್ರಿ ಬೇಜಾರು ಅನ್ನೋರು ಅಲ್ಲಿಂದ ಶುರು ಮಾಡಿ.