ಮಣಲೆರ: ಸಗರವಂಶದ ಹೆಸರು ಮತ್ತು ಮೂಲ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಹಕ್ಕಿಗಳಿಂದ ಪ್ರಸಿದ್ಧವಾದರೆ, ಅದೇ ತಾಲ್ಲೂಕಿನ ಆತಕೂರು ನಾಯಿಯೊಂದರ ಸ್ಮಾರಕದಿಂದ ಪ್ರಸಿದ್ಧವಾಗಿದೆ. ಶಕ 872ರ (ಕ್ರಿ.ಶ. 949-50) ಆತಕೂರು ಶಾಸನವು ಗಂಗ ಇಮ್ಮಡಿ ಬೂತುಗನ ಆಳಾದ ಮಣಲೆರನ ವೃತ್ತಾಂತವನ್ನು ಉಳಿಸಿಕೊಟ್ಟಿದೆ.

ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಲ್ಲಿ ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯೂ ಹಿರಿಯ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಆತಕೂರು ಹನ್ನೆರಡು ಮಣಲೆರನಿಗೆ ಬಾಳ್ಗಚ್ಚಾಗಿ ಸಂದಿತು.

ಶಾಸನವು ಅವನನ್ನು ಸಗರವಂಶದವನೆಂದೂ ವಳಭಿಪುರವರೇಶ್ವರನೆಂದೂ ಕರೆಯುತ್ತದೆ. ಉದಾರಭಗೀರಥ ಎಂಬ ಬಿರುದು ಪುರಾಣದ ಸಗರನ ಸಂತತಿಯನ್ನು ಸೂಚಿಸಿದರೆ, ವಳಭಿಯು ಸೌರಾಷ್ಟ್ರದ ಮೈತ್ರಕರ ರಾಜಧಾನಿಯನ್ನು ನೆನಪಿಸುತ್ತದೆ. ಇದರಿಂದ ಈ ಮನೆತನ ಗುಜರಾತಿನಿಂದ ವಲಸೆ ಬಂದಿತೆಂದು ನಿರ್ಣಯಿಸುವುದು ಅವಸರದ ಮಾತಾಗುತ್ತದೆ. ದ್ವಾರಾವತಿಯ ಹೆಸರು ಹೊತ್ತ ಹೊಯ್ಸಳರಂತೆ, ದೂರದ ಪುರವೊಂದಕ್ಕೆ ಒಡೆತನ ಹೇಳಿಕೊಳ್ಳುವುದು ಕನ್ನಡ ನಾಡಿನ ಅರಸು ಮನೆತನಗಳ ರೂಢಿಯಾಗಿತ್ತು. ಮಿಗಿಲಾಗಿ, ಕ್ರಿ.ಶ. 776ರ ದೇವರಹಳ್ಳಿ ತಾಮ್ರಪಟವು ಸಗರಕುಲದ ಮರುವರ್ಮನನ್ನು ಹೆಸರಿಸುವುದರಿಂದ, ಮಣಲೆರನಿಗಿಂತ ಸುಮಾರು 170 ವರ್ಷ ಮೊದಲೇ ಈ ಕುಲನಾಮ ಗಂಗರ ವಲಯದಲ್ಲಿ ಬಳಕೆಯಲ್ಲಿತ್ತೆಂಬುದು ಸ್ಪಷ್ಟ.

ಬಿರುದು ಮನೆತನದ ಹೆಮ್ಮೆಯನ್ನು ಹೇಳುತ್ತದೆ, ವಲಸೆಯನ್ನಲ್ಲ. ಮಣಲೆರನ ನೆಲೆಯನ್ನು ಖಚಿತವಾಗಿ ತಿಳಿಸುವುದು ವಳಭಿಯ ಹೆಸರಿಗಿಂತ ಆತಕೂರಿನ ಕಲ್ಲೇ.