ಏಳು ಅಲಾರಂ ಗಡಿಯಾರ ಬಿಚ್ಚಿದ ಹುಡುಗಿ

ಗ್ರೇಸ್ ಹಾಪರ್ ಎಂದರೆ ಕಂಪ್ಯೂಟರ್ ಓದಿದ ನಮಗೆಲ್ಲ ಮೊದಲು ನೆನಪಾಗುವುದು ಹುಳುವಿನ ಕಥೆ. ಬಿಸಿಎ ಮೊದಲ ವರ್ಷದಲ್ಲಿ ನನಗೂ ಅದನ್ನೇ ಹೇಳಿದ್ದರು. ಕಂಪ್ಯೂಟರ್ ಒಳಗೆ ಒಂದು ಹುಳು ಸಿಕ್ಕಿತು, ಆಕೆ ಅದನ್ನು ಹಿಡಿದರು, ಅಲ್ಲಿಂದ ‘ಬಗ್’ ಎಂಬ ಪದ ಹುಟ್ಟಿತು ಎಂದು. ಡಿಗ್ರಿ ಮುಗಿಸಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರಿದ ಮೇಲೆ, ಪ್ರಿಂಟರ್, ಪಾಸ್‌ವರ್ಡ್, ಎಕ್ಸೆಲ್ ಎಂದು ಮಹಡಿಯಿಂದ ಮಹಡಿಗೆ ಓಡಾಡುವುದರ ನಡುವೆ ಆಕೆಯ ಬದುಕಿನ ಬಗ್ಗೆ ಓದಿದೆ. ಹುಳುವಿನ ಕಥೆ ಅರ್ಧ ಮಾತ್ರ ಸರಿ ಎಂದು ಆಗ ತಿಳಿಯಿತು.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್‌ನಲ್ಲಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಎರಡನೆಯದನ್ನು ಬಿಚ್ಚಿ ನೋಡಿದರು, ಆಮೇಲೆ ಮೂರನೆಯದು. ಹೀಗೆ ಮನೆಯ ಏಳೂ ಗಡಿಯಾರಗಳು ಬಿಡಿಭಾಗಗಳಾದವು. ಅವರ ತಾಯಿ ಬಿಚ್ಚುವುದೇ ಬೇಡ ಎನ್ನಲಿಲ್ಲ, ಇನ್ನು ಮುಂದೆ ಒಂದೇ ಗಡಿಯಾರದ ಮೇಲೆ ಪ್ರಯೋಗ ಮಾಡು ಎಂದರು. ನಮ್ಮ ಎಷ್ಟು ಮನೆಗಳಲ್ಲಿ ಹೀಗೆ ಹೇಳುತ್ತಾರೆ?

ವಾಸರ್ ಕಾಲೇಜಿಗೆ ಮೊದಲ ಸಲ ಅರ್ಜಿ ಹಾಕಿದಾಗ ಲ್ಯಾಟಿನ್ ಅಂಕ ಸಾಲದೆ ಸೀಟು ಸಿಗಲಿಲ್ಲ. ಮರುವರ್ಷ ಸೇರಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದು, ವಾಸರ್‌ನಲ್ಲೇ ಪಾಠ ಮಾಡಿಕೊಂಡಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರಲು ಹೋದರೆ ವಯಸ್ಸು ಜಾಸ್ತಿ, ತೂಕ ಕಡಿಮೆ ಎಂಬ ಅಡ್ಡಿ. ವಿನಾಯಿತಿ ಪಡೆದು 1943ರಲ್ಲಿ ಸೇರಿಕೊಂಡರು. 1944ರಲ್ಲಿ ತರಬೇತಿಯಲ್ಲಿ ತಂಡಕ್ಕೇ ಮೊದಲಿಗರಾಗಿ ಪಾಸಾದಾಗ ಅವರಿಗೆ 37 ವರ್ಷ. ಪೋಸ್ಟಿಂಗ್ ಸಿಕ್ಕಿದ್ದು ಹಾರ್ವರ್ಡ್‌ನಲ್ಲಿದ್ದ ಒಂದು ಯಂತ್ರದ ಮುಂದೆ.

ಆ ಯಂತ್ರದ ಹೆಸರು ಮಾರ್ಕ್ ಒನ್. 51 ಅಡಿ ಉದ್ದ, 8 ಅಡಿ ಎತ್ತರ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡುತ್ತಿತ್ತು. ಅದಕ್ಕೆ ಆದೇಶ ಕೊಡುತ್ತಿದ್ದದ್ದು ತೂತು ಹೊಡೆದ ಕಾಗದದ ಪಟ್ಟಿಯ ಮೂಲಕ. ಒಂದು ತೂತು ತಪ್ಪಾದರೂ ಉತ್ತರ ತಪ್ಪು. ತಪ್ಪು ತೂತಿನ ಮೇಲೆ ಕಾಗದದ ಚೂರು ಅಂಟಿಸಿ ಸರಿ ಮಾಡುತ್ತಿದ್ದರು. ಈಗ ನಾವು ವಿಂಡೋಸ್‌ಗೆ ‘ಪ್ಯಾಚ್’ ಹಾಕುತ್ತೇವಲ್ಲ, ಆಗಿನ ಪ್ಯಾಚ್ ಕೈಯಲ್ಲಿ ಹಿಡಿಯುವಂಥದ್ದು.

ಉತ್ತರ ಸರಿಯಿಲ್ಲ ಎಂದಾದರೆ ತಪ್ಪು ಮೂರು ಕಡೆ ಇರಬಹುದಿತ್ತು: ಲೆಕ್ಕ ಬರೆದವರಲ್ಲಿ, ತೂತು ಹೊಡೆದವರಲ್ಲಿ, ಅಥವಾ ಯಂತ್ರದಲ್ಲಿ. ನನ್ನ ಕೆಲಸವೂ ಬಹುಪಾಲು ಇದೇ. ‘ಪ್ರಿಂಟ್ ಬರ್ತಿಲ್ಲ’ ಎಂದು ಫೋನ್ ಬಂದರೆ, ಪ್ರಿಂಟರ್‌ನಲ್ಲಿ ದೋಷವಿದೆಯೋ, ಯಾವುದೋ ಹಳೆಯ ಫೈಲು ಕ್ಯೂನಲ್ಲಿ ಸಿಕ್ಕಿಕೊಂಡಿದೆಯೋ, ಪಕ್ಕದ ರೂಮಿನ ಪ್ರಿಂಟರ್ ಡಿಫಾಲ್ಟ್ ಆಗಿ ಪ್ರಿಂಟೆಲ್ಲ ಅಲ್ಲಿ ಬಂದು ಬಿದ್ದಿದೆಯೋ ಎಂದು ಮೊದಲು ಬೇರ್ಪಡಿಸಬೇಕು. ಇಷ್ಟು ಗೊತ್ತಾದರೆ ರಿಪೇರಿ ಎರಡು ನಿಮಿಷದ ಮಾತು.

ಹಾರ್ವರ್ಡ್‌ನಲ್ಲಿ ಹಾಪರ್ ಮತ್ತು ಜೊತೆಯವರು ಒಂದು ರೂಢಿ ಮಾಡಿಕೊಂಡರು. ಪರೀಕ್ಷಿಸಿ ಸರಿ ಎಂದು ಖಚಿತವಾದ ಪ್ರೋಗ್ರಾಂ ತುಣುಕುಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳುವುದು, ಬೇಕಾದಾಗ ಒಬ್ಬರದನ್ನೊಬ್ಬರು ನೋಡಿ ಬರೆದುಕೊಳ್ಳುವುದು. ಮೇಲಧಿಕಾರಿ ಹೋವರ್ಡ್ ಐಕನ್ ಯಂತ್ರದ ಕೈಪಿಡಿ ಬರೆಯುವ ಹೊಣೆಯನ್ನೂ ಆಕೆಗೇ ಹೊರಿಸಿದರು. 1946ರಲ್ಲಿ ಪ್ರಕಟವಾದ ಆ ಪುಸ್ತಕ 561 ಪುಟಗಳದ್ದು. ಮ್ಯಾನ್ಯುಯಲ್ ಬರೆಯುವುದು ಕಿರಿಯರ ತಲೆಗೆ ಕಟ್ಟುವ ಬೇಸರದ ಕೆಲಸ ಎಂದು ಈಗಲೂ ಭಾವಿಸುವವರಿದ್ದಾರೆ. ಇಲ್ಲಿ ಅದನ್ನು ಮಾಡಿದವರು ಗಣಿತದ ಡಾಕ್ಟರೇಟ್ ಪಡೆದವರು.

ಇನ್ನು ಹುಳುವಿನ ವಿಷಯ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ ಟೂ ಯಂತ್ರದ ಎಫ್ ಪ್ಯಾನೆಲ್‌ನ 70ನೇ ರಿಲೇಯೊಳಗೆ ಒಂದು ದೀಪದ ಹುಳು ಸಿಕ್ಕಿಬಿದ್ದಿತ್ತು. ಅದನ್ನು ಹೊರತೆಗೆದು ಲಾಗ್‌ಬುಕ್‌ಗೆ ಟೇಪಿನಿಂದ ಅಂಟಿಸಿ, ಬಗ್ ಒಂದು ನಿಜವಾಗಿ ಸಿಕ್ಕ ಮೊದಲ ಪ್ರಕರಣವಿದು ಎಂದು ತಮಾಷೆಯಾಗಿ ಬರೆದರು. ದೋಷಕ್ಕೆ ‘ಬಗ್’ ಎನ್ನುವುದು ಎಡಿಸನ್ ಕಾಲದಿಂದಲೂ ಇಂಜಿನಿಯರುಗಳ ಬಾಯಲ್ಲಿತ್ತು, ತಮಾಷೆ ಹುಟ್ಟಿದ್ದೇ ಅದರಿಂದ. ಹುಳು ಹಿಡಿದದ್ದು ಹಾಪರ್ ಅಲ್ಲ, ಅವರ ತಂಡದವರು. ಆಕೆ ಅದನ್ನು ಜೀವನಪೂರ್ತಿ ರಸವತ್ತಾಗಿ ಹೇಳಿದ್ದರಿಂದ ಕಥೆ ಆಕೆಯ ಹೆಸರಿಗೆ ಅಂಟಿಕೊಂಡಿತು. ನನಗೆ ಇಷ್ಟವಾದದ್ದು ಮಾತ್ರ ಲಾಗ್‌ಬುಕ್. ದಿನಾಂಕ, ಸಮಯ, ಪ್ಯಾನೆಲ್, ರಿಲೇ ಸಂಖ್ಯೆ, ಕಾರಣ, ಜೊತೆಗೆ ಸಾಕ್ಷಿಯಾಗಿ ಹುಳು! ‘ಸಮಸ್ಯೆ ಪರಿಹರಿಸಲಾಗಿದೆ’ ಎಂದಷ್ಟೇ ಬರೆದು ಮುಚ್ಚುವ ನಮ್ಮ ಟಿಕೆಟ್‌ಗಳ ಪಕ್ಕ ಇಟ್ಟು ನೋಡಿ. ಆ ಪುಟ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ.

1949ರಲ್ಲಿ ಹಾರ್ವರ್ಡ್‌ನ ಅವಧಿ ಮುಗಿಯಿತು. ಮದುವೆ 1945ರಲ್ಲೇ ಮುರಿದಿತ್ತು. ವಯಸ್ಸು 42, ಕುಡಿತದ ಚಟ ಬೇರೆ ಅಂಟಿತ್ತು. ಆ ವರ್ಷ ಕುಡಿದ ಕಾರಣಕ್ಕೆ ಪೊಲೀಸರು ಹಿಡಿದದ್ದೂ ಉಂಟು. ಸಾಧಕರ ಬಗ್ಗೆ ಬರೆಯುವಾಗ ಇದನ್ನೆಲ್ಲ ಬಿಟ್ಟುಬಿಡುವುದು ವಾಡಿಕೆ. ಆದರೆ ಆಕೆಯ ಬಹುದೊಡ್ಡ ಕೆಲಸಗಳೆಲ್ಲ ಆಮೇಲಿನವು.

ಅದೇ ವರ್ಷ ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಕಂಪನಿ ಸೇರಿದರು. ಅಲ್ಲಿನ ಬೈನ್ಯಾಕ್ ಎಂಬ ಕಂಪ್ಯೂಟರಿಗಾಗಿ ಎಂಟರ ಲೆಕ್ಕ, ಅಂದರೆ ಆಕ್ಟಲ್, ಬಾಯಿಪಾಠ ಮಾಡಿಕೊಳ್ಳಬೇಕಾಯಿತು. ಸ್ವಲ್ಪ ದಿನದಲ್ಲಿ ಆಕೆಯ ಚೆಕ್‌ಬುಕ್ ಲೆಕ್ಕ ಬ್ಯಾಂಕಿನ ಲೆಕ್ಕಕ್ಕೆ ತಾಳೆಯಾಗದೇ ಹೋಯಿತು. ತಿಂಗಳುಗಟ್ಟಲೆ ಹೀಗೇ. ಕೊನೆಗೆ ಬ್ಯಾಂಕಿನಲ್ಲಿದ್ದ ತಮ್ಮ ಹಲವು ಸಂಜೆ ಕೂತು ಹುಡುಕಿದಾಗ ತಿಳಿಯಿತು: ಅಕ್ಕ ಅಲ್ಲಲ್ಲಿ ಎಂಟರ ಲೆಕ್ಕದಲ್ಲಿ ಕಳೆದಿದ್ದರು. 52ರಲ್ಲಿ 17 ಹೋದರೆ ನಮಗೆ 35, ಎಂಟರ ಲೆಕ್ಕದಲ್ಲಿ 33. ಎರಡೂ ಸರಿಯೇ, ಓದುವ ಕ್ರಮ ಬೇರೆ.

ಇದನ್ನು ಓದಿದಾಗ ನಗು ಬಂತು. ನಮ್ಮ ಕಚೇರಿಗಳಲ್ಲಿ ತಿಂಗಳಿಗೆ ಒಂದಾದರೂ ಇಂಥ ಪ್ರಕರಣ ಇರುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕನ್ನಡ ಪತ್ರವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ‘ವೈರಸ್ ಬಂದಿದೆ, ಫೈಲು ಹೋಯ್ತು’ ಎಂದು ಗಾಬರಿ. ಫೈಲಿಗೆ ಏನೂ ಆಗಿರುವುದಿಲ್ಲ. ಫಾಂಟ್ ಹಾಕಿದರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಪತ್ರ ಇದ್ದ ಹಾಗೇ ಇರುತ್ತದೆ. ಎಕ್ಸೆಲ್‌ನಲ್ಲಿ ಮೇ 6 ಇದ್ದದ್ದು ಜೂನ್ 5 ಆಗುವುದೂ ಇದೇ ಜಾತಿಯ ತೊಂದರೆ. ಒಂದು ಕಂಪ್ಯೂಟರ್ ದಿನವನ್ನು ಮೊದಲು ಓದುತ್ತದೆ, ಇನ್ನೊಂದು ತಿಂಗಳನ್ನು.

ಫಿಲಡೆಲ್ಫಿಯಾದಲ್ಲಿ ಹಾಪರ್ ಗಮನಿಸಿದ ಮತ್ತೊಂದು ಸಂಗತಿ ಚರಿತ್ರೆಯನ್ನೇ ಬದಲಿಸಿತು. ನೋಟ್‌ಬುಕ್‌ನ ತುಣುಕುಗಳು ಸರಿಯಾಗಿಯೇ ಇದ್ದವು. ಅವನ್ನು ನೋಡಿ ಬರೆದುಕೊಳ್ಳುವಾಗ ಮನುಷ್ಯರು ತಪ್ಪುತ್ತಿದ್ದರು. ‘ಬಿ’ ಅಕ್ಷರ 13 ಆಗುತ್ತಿತ್ತು, 4 ಎಂಬುದು ಖಾಲಿ ಜಾಗ ಸೂಚಿಸುವ ತ್ರಿಕೋನದ ಗುರುತಾಗುತ್ತಿತ್ತು. ವಿಳಾಸದ ಸಂಖ್ಯೆ ಕೂಡುವುದರಲ್ಲೂ ಎಡವಟ್ಟು. ಎಚ್ಚರದಿಂದ ಬರೆಯಿರಿ ಎಂದು ಸುತ್ತೋಲೆ ಹೊರಡಿಸಿ ಸುಮ್ಮನಾಗಬಹುದಿತ್ತು. ಹಾಪರ್ ಆ ತುಣುಕುಗಳನ್ನೆಲ್ಲ ಟೇಪಿನಲ್ಲಿ ತುಂಬಿ, ಪ್ರತಿಯೊಂದಕ್ಕೂ ಒಂದು ಸಂಕೇತ ಕೊಟ್ಟು, ಹುಡುಕಿ ಜೋಡಿಸುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಿದರು. 1952ರ ಹೊತ್ತಿಗೆ ಸಿದ್ಧವಾದ ಇದೇ ಎ–ಝೀರೋ ಕಂಪೈಲರ್. ಕಂಪ್ಯೂಟರ್ ಇರುವುದು ಲೆಕ್ಕ ಮಾಡಲು, ಪ್ರೋಗ್ರಾಂ ಬರೆಯಲು ಅಲ್ಲ ಎಂದು ಬಹಳ ಜನ ಅದನ್ನು ನಂಬಲೇ ಇಲ್ಲ.

ಮುಂದೆ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವ ಫ್ಲೋ–ಮ್ಯಾಟಿಕ್ ಭಾಷೆ ರೂಪಿಸಿದರು. ಅದರ ಪ್ರಾತ್ಯಕ್ಷಿಕೆಯಲ್ಲಿ ಫ್ರೆಂಚ್, ಜರ್ಮನ್ ಪದಗಳನ್ನೂ ಬಳಸಿ ತೋರಿಸಿದಾಗ ಆಡಳಿತದವರು ಕಂಗಾಲಾದರಂತೆ. ಅಮೆರಿಕದ ಕಂಪ್ಯೂಟರಿಗೆ ಪರಭಾಷೆ ಹೇಗೆ ಅರ್ಥವಾದೀತು ಎಂಬುದು ಅವರ ಚಿಂತೆ. ಯಂತ್ರಕ್ಕೆ ಎಲ್ಲವೂ ಬರೀ ಸಂಕೇತ, ಕನ್ನಡವಾದರೂ ಅಷ್ಟೇ. 1959ರಲ್ಲಿ ಶುರುವಾದ ಕೋಬಾಲ್ ಭಾಷೆಗೆ ಫ್ಲೋ–ಮ್ಯಾಟಿಕ್ ಮುಖ್ಯ ಆಧಾರವಾಯಿತು. ಕೋಬಾಲ್ ಅನ್ನು ಕಟ್ಟಿದ್ದು ಒಂದು ಸಮಿತಿ, ಹಾಪರ್ ಅದರ ಸಲಹೆಗಾರ್ತಿ. ಜಗತ್ತಿನ ಎಷ್ಟೋ ಬ್ಯಾಂಕುಗಳ ಲೆಕ್ಕ ಇಂದಿಗೂ ಆ ಭಾಷೆಯಲ್ಲಿ ನಡೆಯುತ್ತಿದೆ.

1966ರಲ್ಲಿ ನೌಕಾಪಡೆ ಆಕೆಯನ್ನು ನಿವೃತ್ತಿಗೊಳಿಸಿತು. ಮರುವರ್ಷವೇ ಕರೆ ಬಂತು. ಒಂದೊಂದು ಕಂಪನಿಯ ಕೋಬಾಲ್ ಒಂದೊಂದು ಥರ ಆಗಿ ಪಡೆಯ ಕಂಪ್ಯೂಟರುಗಳ ನಡುವೆ ಹೊಂದಾಣಿಕೆಯೇ ಇರಲಿಲ್ಲ. ಆರು ತಿಂಗಳ ಕೆಲಸ ಎಂದು ಕರೆದದ್ದು, ಸಣ್ಣ ವಿರಾಮ ಬಿಟ್ಟರೆ 1986ರವರೆಗೂ ನಡೆಯಿತು. ಕಚೇರಿಯ ಗೋಡೆಯ ಮೇಲೆ ಹಿಂದಕ್ಕೆ ತಿರುಗುವ ಗಡಿಯಾರ ತೂಗುಹಾಕಿದ್ದರು. ಮೊದಲಿನಿಂದ ಹೀಗೇ ಮಾಡುತ್ತಿದ್ದೇವೆ ಎನ್ನುವವರಿಗೆ ಅದನ್ನು ತೋರಿಸುತ್ತಿದ್ದರು. ಅಭ್ಯಾಸವಾದರೆ ಅದರಲ್ಲೂ ಸಮಯ ಹೇಳಬಹುದು. ಉಪಗ್ರಹದ ಸಂದೇಶಕ್ಕೆ ಇಷ್ಟು ಹೊತ್ತು ಏಕೆ ಎಂದು ಕೇಳುವ ಅಧಿಕಾರಿಗಳ ಕೈಗೆ 11.8 ಇಂಚಿನ ತಂತಿ ಕೊಡುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ವಿದ್ಯುತ್ ಸಂಕೇತ ಅದಕ್ಕಿಂತ ದೂರ ಹೋಗಲಾರದು. ನೆಟ್ ಸ್ಲೋ ಎಂದು ಬೈಯುವವರಿಗೆ ಕೊಡಲು ನನಗೂ ಅಂಥದ್ದೊಂದು ತಂತಿ ಬೇಕಿತ್ತು!

‘ಸಾಫ್ಟ್‌ವೇರ್‌ಗೆ ಯಾವಾಗ ಹೋಗ್ತೀಯಾ? ಇದು ಬರೀ ರಿಪೇರಿ ಕೆಲಸ ಅಲ್ವಾ?’ ಎಂದು ಮನೆಗೆ ಬಂದವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕಂಪೈಲರ್ ಹುಟ್ಟಿದ್ದು ಪದೇ ಪದೇ ಆಗುವ ಒಂದು ಕಾಪಿ ತಪ್ಪನ್ನು ರಿಪೇರಿ ಮಾಡಲು ಹೋಗಿ ಎಂದು ಈಗ ಅವರಿಗೆ ಹೇಳುತ್ತೇನೆ. ಪಿಎಸ್‌ಐ ಪರೀಕ್ಷೆಗೂ ಕಟ್ಟಿ ನೋಡು ಎಂದು ಹೇಳಿ, ಕಾಫಿ ಕುಡಿದು ಹೋಗುತ್ತಾರೆ.

ಹಾಪರ್ 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಆಮೇಲೂ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರ್ತಿಯಾಗಿ ಉಪನ್ಯಾಸ ಕೊಡುತ್ತಾ ಊರೂರು ಸುತ್ತಿದರು. 1992ರ ಜನವರಿ 1ರಂದು ತೀರಿಕೊಂಡರು. ಅಮೆರಿಕದ ಒಂದು ಯುದ್ಧನೌಕೆಗೆ ಆಕೆಯ ಹೆಸರಿಟ್ಟಿದ್ದಾರೆ. ಅದರ ಮೇಲೆ ಬರೆದಿರುವ ಸಂಖ್ಯೆ 70. ದೀಪದ ಹುಳು ಸಿಕ್ಕ ರಿಲೇಯ ಸಂಖ್ಯೆಯೂ ಅದೇ.