ರಾಮಾನುಜನ್ ಕಂಡ ಲೆಕ್ಕ

ಇಂದಿನ ಪೋಸ್ಟ್ ಪೆರಂಬೂರಿನ ನನ್ನ ರೂಮಿನಿಂದ. ಇಲ್ಲಿಗೆ ಹೆಚ್ಚು ದೂರವಿಲ್ಲದ ಮದ್ರಾಸ್ ಬಂದರಿನ ಕಚೇರಿಯಲ್ಲಿ 1912ರಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ಒಬ್ಬ ಗುಮಾಸ್ತರಿದ್ದರು. ಅವರೇ ಶ್ರೀನಿವಾಸ ರಾಮಾನುಜನ್.

ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ಗಣಿತ ಬಿಟ್ಟು ಬೇರೇನೂ ಓದದೆ ಕಾಲೇಜು ಪರೀಕ್ಷೆಯಲ್ಲಿ ಫೇಲಾದರು. ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಸಪೋರ್ಟ್ ಕೆಲಸ ಮಾಡುವ ನನಗೆ ಇದನ್ನು ಓದಿದಾಗಲೆಲ್ಲ ಧೈರ್ಯ ಬರುತ್ತದೆ. ಕಾಗದ ದುಬಾರಿ ಅಂತ ಸ್ಲೇಟಿನಲ್ಲಿ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಉತ್ತರ ಮಾತ್ರ ನೋಟ್‌ಬುಕ್ಕಿಗೆ ಬರೆಯುತ್ತಿದ್ದರು. ಅದೆಲ್ಲ ನಾಮಕ್ಕಲ್ಲಿನ ನಾಮಗಿರಿ ತಾಯಿಯ ಕೃಪೆ ಎಂದು ನಂಬಿದ್ದರು. 1914ರಲ್ಲಿ ಅವರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡ ಹಾರ್ಡಿ ದೇವರನ್ನೇ ನಂಬದವರು. ಆದರೆ ಗಣಿತದ ಸತ್ಯ ನಾವು ಮಾಡುವುದಲ್ಲ, ಮೊದಲೇ ಇರುವುದನ್ನು ಕಾಣುತ್ತೇವೆ ಎಂಬುದು ಹಾರ್ಡಿಯವರ ನಿಲುವೂ ಆಗಿತ್ತು.

ನಾಲ್ಕು ತೆಂಗಿನಕಾಯಿ ತೆಗೆದುಕೊಳ್ಳಿ ಸ್ವಾಮಿ. ನಾಲ್ಕೂ ಒಟ್ಟಿಗೆ, ಮೂರು-ಒಂದು, ಎರಡು-ಎರಡು, ಎರಡು-ಒಂದು-ಒಂದು, ನಾಲ್ಕೂ ಬೇರೆ ಬೇರೆ. ಗುಂಪು ಮಾಡಲು ಒಟ್ಟು 5 ರೀತಿ. 9 ಕಾಯಿಗೆ 30 ರೀತಿ, 14ಕ್ಕೆ 135. ಕಾಯಿಗಳ ಸಂಖ್ಯೆ 4 ಅಥವಾ 9ರಲ್ಲಿ ಮುಗಿದರೆ ಉತ್ತರ ಯಾವಾಗಲೂ 5ರಿಂದ ಭಾಗವಾಗುತ್ತದೆ. ಇದನ್ನು ಗುರುತಿಸಿ ಸಾಧಿಸಿದವರು ರಾಮಾನುಜನ್. ಅವರು ಹುಟ್ಟುವ ಮೊದಲೂ 9 ಕಾಯಿಗೆ 30 ರೀತಿಯೇ ಇತ್ತಲ್ಲವೇ?

ಇನ್ನೊಂದು ಮಾತು. 1913ರಲ್ಲಿ ಹಾರ್ಡಿಗೆ ಬರೆದ ಪತ್ರದಲ್ಲಿ, ಒಂದು ಮಿತಿಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂಬ ಬಗ್ಗೆ ರಾಮಾನುಜನ್ ಹೇಳಿದ್ದು ತಪ್ಪಾಗಿತ್ತು. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ, ಬುದ್ಧಿಯಲ್ಲೂ ಇರಲಿಲ್ಲ. ಆದರೂ ತಪ್ಪು ತಪ್ಪೇ. ಸತ್ಯ ಅವರ ಮನಸ್ಸಿನ ಸೃಷ್ಟಿ ಮಾತ್ರ ಆಗಿದ್ದರೆ ಅವರು ತಪ್ಪುವುದಾದರೂ ಹೇಗೆ?

1919ರಲ್ಲಿ ಕಾಯಿಲೆಯಿಂದ ಬಳಲಿ ಊರಿಗೆ ಮರಳಿದರು. 1920ರ ಜನವರಿಯಲ್ಲಿ ಹಾರ್ಡಿಗೆ ಕೊನೆಯ ಪತ್ರ ಬರೆದು ಮಾಕ್ ಥೀಟಾ ಎಂಬ ಹೊಸ ಫಲನಗಳನ್ನು ತಿಳಿಸಿದರು. ಏಪ್ರಿಲ್ 26ರಂದು ಮದ್ರಾಸಿನ ಚೇಟ್‌ಪೇಟೆಯಲ್ಲಿ ತೀರಿಕೊಂಡಾಗ ವಯಸ್ಸು 32. ಆ ಫಲನಗಳ ಒಳಗುಟ್ಟು ಗಣಿತಜ್ಞರಿಗೆ ಸರಿಯಾಗಿ ಬಿಡಿಸಿದ್ದು 2002ರಲ್ಲಿ. 82 ವರ್ಷ ಯಾರಿಗೂ ಪೂರ್ತಿ ಅರ್ಥವಾಗದಿದ್ದರೂ ಅದು ಸುಳ್ಳಾಗಲಿಲ್ಲ.

ಮಾಲೆ ಹಾಕಿದ ಈ 41 ದಿನ ಯಾರಾದರೂ ನಮ್ಮ ಮಾತು ತಪ್ಪು ಎಂದರೆ ಕೋಪ ಬೇಡ ಸ್ವಾಮಿ, ಒಮ್ಮೆ ಪರೀಕ್ಷಿಸಿ ನೋಡೋಣ. ಗ್ರೂಪಿನಲ್ಲಿ ಸಾವಿರ ಸಲ ಶೇರ್ ಆದರೂ ಸುಳ್ಳು ನಿಜವಾಗದು. ಯಾರೂ ನಂಬದಿದ್ದರೂ ನಿಜ ಅಳಿಯದು.

ಸ್ವಾಮಿಯೇ ಶರಣಮಯ್ಯಪ್ಪ.